ಆಕ್ಸಿಡೆಂಟ್ ಕ್ಲೇಮ್ ಇಷ್ಟು ತಡ ಯಾಕೆ? ಹೊಸನಗರದಿಂದ ಬಂದ ಒಂದು ಪ್ರಶ್ನೆ

ನಮಸ್ಕಾರ. ಹೋದ ವಾರ ಹೊಸನಗರ ಕಡೆಯಿಂದ ಒಬ್ಬ ಅಕ್ಕ ವಾಯ್ಸ್ ಮೆಸೇಜ್ ಕಳಿಸಿದ್ದರು. ಮೊದಲು ಅವರ ಮಾತನ್ನೇ ಕೇಳಿ.

(ತೆರೆಯ ಮೇಲೆ ಅಕ್ಷರಗಳಲ್ಲಿ) "ಅಣ್ಣಾ, ನಮ್ಮನೆಯವರು ಕೊನೆಗಾರ. ಬೈಕಿಗೆ ಕಾರು ಹೊಡೆದು ಬಲಗಾಲು ಮುರೀತು. ರಾಡ್ ಹಾಕಿ ಎಂಟು ತಿಂಗಳಾಯ್ತು. ಕೇಸು ಹಾಕಿದೀವಿ. ವಕೀಲರು ಇನ್ನೂ ಸ್ವಲ್ಪ ಕಾಯಿರಿ ಅಂತಾರೆ. ಇನ್ಶೂರೆನ್ಸ್ ಕಡೆಯವರು ಈಗ್ಲೇ ರಾಜಿ ಆಗಿ, ದುಡ್ಡು ಬೇಗ ಸಿಗುತ್ತೆ ಅಂತಾರೆ. ಸೊಸೈಟಿ ಸಾಲದ ಕಂತು ಬೇರೆ ಇದೆ. ಯಾರ ಮಾತು ಕೇಳ್ಲಿ?"

ಕೊನೆಗಾರ ಅಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವವರು. ಈ ಮೆಸೇಜನ್ನು ನಾಲ್ಕು ಸಲ ಕೇಳಿದೆ. ಮಲೆನಾಡಿನಲ್ಲಿ ಈ ಪ್ರಶ್ನೆ ಇಲ್ಲದ ಊರಿಲ್ಲ. ತೀರ್ಥಹಳ್ಳಿ ರಸ್ತೆ, ಸಾಗರ ರಸ್ತೆ, ಹುಲಿಕಲ್ ಘಾಟಿ, ಮಳೆ, ಮಂಜು, ತಿರುವು. ಪ್ರತಿ ಊರಲ್ಲೂ ಕಾಲೆಳೆದುಕೊಂಡು ಕೋರ್ಟಿಗೆ ಅಲೆಯುವ ಒಬ್ಬರಾದರೂ ಇದ್ದೇ ಇರುತ್ತಾರೆ.

ಕಾನೂನಿನ ದಾರಿಯನ್ನು ಬೇಗ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 166ರ ಕೆಳಗೆ ಅಪಘಾತ ಪರಿಹಾರದ ಕೇಸು ಕೇಳುವ ನ್ಯಾಯಮಂಡಳಿಗೆ, ಅಂದರೆ ಟ್ರಿಬ್ಯೂನಲ್‌ಗೆ ಅರ್ಜಿ ಹಾಕುವುದು. ಇದಕ್ಕೇ ನಾವು ಎಂವಿಸಿ ಕೇಸು ಅನ್ನುವುದು. ಅಪಘಾತ ಆದ ಜಾಗದಲ್ಲೇ ಹಾಕಬೇಕು ಅಂತ ಇಲ್ಲ. ಆಗುಂಬೆ ಘಾಟಿ ಇಳಿದು ಸೋಮೇಶ್ವರದ ಹತ್ತಿರ ಬಿದ್ದರೂ, ನೀವು ವಾಸ ಇರುವ ಊರು ಯಾವ ಟ್ರಿಬ್ಯೂನಲ್ಲಿಗೆ ಸೇರುತ್ತದೋ ಅಲ್ಲಿ ಹಾಕಬಹುದು. 2022ರ ಏಪ್ರಿಲ್ 1ರಿಂದ ಹೊಸ ನಿಯಮ ಬಂದಿದೆ. ಪೊಲೀಸರು 48 ಗಂಟೆಯಲ್ಲಿ ಮೊದಲ ವರದಿ, 90 ದಿನದಲ್ಲಿ ಪೂರ್ತಿ ವರದಿ ಟ್ರಿಬ್ಯೂನಲ್‌ಗೆ ಕೊಡಬೇಕು. ಆಮೇಲೆ 30 ದಿನದಲ್ಲಿ ಇನ್ಶೂರೆನ್ಸ್ ಕಂಪನಿ ಎಷ್ಟು ಕೊಡುತ್ತೇವೆ ಅಂತ ಹೇಳಬೇಕು. ಕಾಗದದ ಮೇಲೆ ಇಷ್ಟಕ್ಕೆ ನಾಲ್ಕು ತಿಂಗಳು.

ಹಾಗಿದ್ದರೆ ವರ್ಷಗಟ್ಟಲೆ ಯಾಕೆ ಹಿಡಿಯುತ್ತದೆ? ಕೋರ್ಟ್ ನಿಧಾನ, ಅಷ್ಟೇ, ಅಂತ ನಾನೂ ಅಂದುಕೊಂಡಿದ್ದೆ. ಕೋರ್ಟ್ ನಿಧಾನವೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ತಡದ ಒಂದು ದೊಡ್ಡ ಭಾಗ ಇರುವುದು ಕಾಲಿನ ಒಳಗೆ.

(ದೃಶ್ಯ: ರಾಡ್ ಇರುವ ಕಾಲಿನ ಎಕ್ಸ್‌ರೇ)

ಮೊಣಕಾಲ ಕೆಳಗಿನ ಮೂಳೆ ಮುರಿದರೆ ಕೂಡಿಕೊಳ್ಳಲು ಸಾಮಾನ್ಯವಾಗಿ 4ರಿಂದ 6 ತಿಂಗಳು ಬೇಕು. ಕೆಲವರಿಗೆ ಕೂಡುವುದೇ ಇಲ್ಲ, ಮತ್ತೆ ಆಪರೇಷನ್. ರಾಡ್ ತೆಗೆಯಬೇಕಾದರೆ ಅದಕ್ಕೆ ವರ್ಷ, ಒಂದೂವರೆ ವರ್ಷ. ಇಷ್ಟೆಲ್ಲ ಆಗಿ, ಇನ್ನು ಇದಕ್ಕಿಂತ ಸುಧಾರಿಸುವುದಿಲ್ಲ ಅನ್ನುವ ಹಂತಕ್ಕೆ ಕಾಲು ಬಂದ ಮೇಲೆಯೇ ಶಾಶ್ವತ ಊನ ಎಷ್ಟು ಅಂತ ಡಾಕ್ಟರ್ ಅಳೆಯಬಹುದು. ಅಳತೆ ಸಿಗದೆ ಪರಿಹಾರದ ಲೆಕ್ಕ ಮುಗಿಯುವುದಿಲ್ಲ.

ಈಗ ಅಡಿಕೆಗೆ ಬನ್ನಿ. ತೋಟವನ್ನು ಚೇಣಿಗೆ ಕೊಡುವುದು ನಮಗೆಲ್ಲ ಗೊತ್ತು ಅಲ್ವಾ? ಕೊಯ್ಲಿಗೆ ಮುಂಚೆಯೇ ಚೇಣಿದಾರ ಬರುತ್ತಾನೆ. ತೋಟದ ಒಳಗೆ ಕತ್ತೆತ್ತಿ ನೋಡುತ್ತಾ ಒಂದು ಸುತ್ತು ಹಾಕುತ್ತಾನೆ. ಮರದ ಮೇಲಿರುವಾಗಲೇ ಮಾತು ಮುಗಿಯುತ್ತದೆ, ಮುಂಗಡ ಕೈಗೆ ಬರುತ್ತದೆ. ಕೊಯ್ಯುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಯಾವುದೂ ನಿಮ್ಮ ತಲೆನೋವಲ್ಲ. ಆದರೆ ಆಮೇಲೆ ಶಿವಮೊಗ್ಗ ಮಂಡಿಯಲ್ಲಿ ರಾಶಿ ಅಡಿಕೆ ರೇಟು ಏರಿದರೆ ಅದು ಚೇಣಿದಾರನದು. ಮಗಳ ಮದುವೆ ಇದೆ, ಆಳು ಸಿಗುತ್ತಿಲ್ಲ, ಹಾಗಾಗಿ ಚೇಣಿಗೆ ಕೊಟ್ಟವರು ನಮ್ಮಲ್ಲೇ ಎಷ್ಟೋ ಜನ. ಅದು ತಪ್ಪಲ್ಲ. ಎಷ್ಟು ಬಿಟ್ಟುಕೊಡುತ್ತಿದ್ದೇನೆ ಅನ್ನುವ ಅಂದಾಜು ಅವರಿಗೆ ಇರುತ್ತದೆ. ಹಿಂದಿನ ವರ್ಷ ಎಷ್ಟು ಕ್ವಿಂಟಾಲ್ ಆಗಿತ್ತು ಅಂತ ಗೊತ್ತಿರುತ್ತದೆ.

ಎಂಟನೇ ತಿಂಗಳಲ್ಲಿ ರಾಜಿ ಆಗುವುದು ಅಂದರೆ ಕಾಲನ್ನು ಚೇಣಿಗೆ ಕೊಟ್ಟಂತೆ. ಆದರೆ ಇಲ್ಲಿ ಹಿಂದಿನ ವರ್ಷದ ಲೆಕ್ಕ ಇಲ್ಲ. ಎಷ್ಟು ಬಿಟ್ಟುಕೊಡುತ್ತಿದ್ದೀರಿ ಅಂತ ನಿಮಗೆ ಗೊತ್ತಿರುವುದಿಲ್ಲ.

ಎಷ್ಟು ಅಂತರ ಬರಬಹುದು? ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಈ ವಿಡಿಯೋ ಮಾಡಲು ಕಾರಣವೇ ಇದು.

ಡಾಕ್ಟರ್ ಮಂಡಿ ಅಳೆಯುವುದನ್ನು ನೋಡಿದ್ದೀರಾ? ಎರಡು ತೋಳಿನ ಒಂದು ಪ್ಲಾಸ್ಟಿಕ್ ಪಟ್ಟಿ, ನಡುವೆ ಡಿಗ್ರಿಯ ಚಕ್ರ. ಒಂದು ತೋಳು ತೊಡೆಯ ಉದ್ದಕ್ಕೆ, ಇನ್ನೊಂದು ಮೊಣಕಾಲ ಕೆಳಗಿನ ಉದ್ದಕ್ಕೆ. "ಮಡಚಿ ನೋಡೋಣ" ಅನ್ನುತ್ತಾರೆ. ಆರೋಗ್ಯವಂತರ ಮಂಡಿ ಸುಮಾರು 135 ಡಿಗ್ರಿ ಮಡಚುತ್ತದೆ. ಇವರದು 90ಕ್ಕೆ ನಿಂತಿತು ಅಂದುಕೊಳ್ಳಿ. 90 ಅಂದರೆ ಕುರ್ಚಿಯಲ್ಲಿ ಆರಾಮಾಗಿ ಕೂರಬಹುದು. ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತುವುದಂತೂ ದೂರದ ಮಾತು.

ಡಾಕ್ಟರ್ ಆ ಕಾಲಿಗೆ ಶೇ. 30 ಊನ ಅಂತ ಬರೆದರು ಅಂತಿಟ್ಟುಕೊಳ್ಳೋಣ. ನಮ್ಮ ರಾಜ್ಯದ ಕೋರ್ಟುಗಳಲ್ಲಿ ಒಂದು ರೂಢಿ ಇದೆ. ಒಂದು ಅಂಗದ ಊನದಲ್ಲಿ ಮೂರನೇ ಒಂದು ಭಾಗವನ್ನು ಇಡೀ ದೇಹದ ಊನ ಅಂತ ಹಿಡಿಯುತ್ತಾರೆ. ಅಂದರೆ ಶೇ. 10. ಸುಮ್ನೆ ಲೆಕ್ಕಕ್ಕೆ ತಿಂಗಳ ಆದಾಯ 15,000, ವಯಸ್ಸು 38 ಅಂತ ಇಡೋಣ. ಎಷ್ಟು ವರ್ಷದ ಆದಾಯ ಹಿಡಿಯಬೇಕು ಅನ್ನುವುದಕ್ಕೆ ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನಲ್ಲಿ ಒಂದು ಪಟ್ಟಿ ಇದೆ, ಅದರಲ್ಲಿ ಆ ವಯಸ್ಸಿಗೆ ಗುಣಕ 15. 15,000 ಗುಣಿಸು 12, ಗುಣಿಸು 15. ಒಟ್ಟು 27 ಲಕ್ಷ. ಅದರಲ್ಲಿ ಶೇ. 10 ಅಂದರೆ 2 ಲಕ್ಷ 70 ಸಾವಿರ.

ಆದರೆ ಸುಪ್ರೀಂ ಕೋರ್ಟ್ ರಾಜ್ ಕುಮಾರ್ ಪ್ರಕರಣದಲ್ಲಿ ಇನ್ನೊಂದು ಮಾತು ಹೇಳಿದೆ. ದೇಹದ ಊನ ಬೇರೆ, ಸಂಪಾದನೆಯ ನಷ್ಟ ಬೇರೆ. ಗಾಯಗೊಂಡವರು ಏನು ಕೆಲಸ ಮಾಡುತ್ತಿದ್ದರು, ಈಗ ಅದನ್ನು ಮಾಡಬಲ್ಲರೇ ಅಂತ ನೋಡಬೇಕು. ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವವರಿಗೆ 90 ಡಿಗ್ರಿ ಮಂಡಿಯಿಂದ ಸಂಬಳ ಕಡಿಮೆ ಆಗದೇ ಇರಬಹುದು. ಕೊನೆಗಾರನಿಗೆ? ಕೊನೆ ಇಳಿಸುವುದೂ ಮರದ ಮೇಲೆ, ಮಳೆಗಾಲದಲ್ಲಿ ಕೊಳೆ ರೋಗದ ಔಷಧಿ ಹೊಡೆಯುವುದೂ ಮರದ ಮೇಲೆ. ಟ್ರಿಬ್ಯೂನಲ್ ಸಂಪಾದನೆಯ ನಷ್ಟ ಶೇ. 40 ಅಂತ ಒಪ್ಪಿದರೆ ಅದೇ ಲೆಕ್ಕ 10 ಲಕ್ಷ 80 ಸಾವಿರ ಆಗುತ್ತದೆ. ಆಸ್ಪತ್ರೆ ಖರ್ಚು, ನೋವಿನ ಪರಿಹಾರ ಇದರ ಮೇಲೆ.

ಅದೇ ಕಾಲು, ಅದೇ ಮಂಡಿ. 2.7 ಲಕ್ಷ ಎಲ್ಲಿ, 10.8 ಲಕ್ಷ ಎಲ್ಲಿ? ವಕೀಲರು ಕಾಯಿರಿ ಅನ್ನುವುದು ಈ ಅಳತೆಗಾಗಿ ಆಗಿದ್ದರೆ ಅವರು ಸರಿಯಾಗಿಯೇ ಹೇಳುತ್ತಿದ್ದಾರೆ.

ಆದರೆ ಎಲ್ಲ ಕಾಯುವಿಕೆಯೂ ಹೀಗಲ್ಲ. ಮೂಳೆಗಾಗಿ ಕಾಯುವುದು ಬೇರೆ, ಗಾಯದ ಬಗ್ಗೆ ಆಸ್ಪತ್ರೆ ಕೊಡುವ ವೂಂಡ್ ಸರ್ಟಿಫಿಕೇಟ್ ಬಂದಿಲ್ಲ, ಚಾರ್ಜ್‌ಶೀಟ್ ಪ್ರತಿ ತಂದಿಲ್ಲ, ನೋಟಿಸ್ ಜಾರಿಯಾಗಿಲ್ಲ ಅಂತ ಕಾಯುವುದು ಬೇರೆ. ಎರಡನೆಯದರಲ್ಲಿ ಯಾರಿಗೂ ಲಾಭ ಇಲ್ಲ. ಬಡವರ ಮನೆಯಲ್ಲಿ ಅದರಿಂದ ಸಾಲ ಬೆಳೆಯುತ್ತದೆ. ಇದನ್ನು ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ವಿಡಿಯೋ ಉದ್ದ ಆಯಿತು. ಉಳಿದದ್ದನ್ನು ಒಟ್ಟಿಗೇ ಹೇಳುತ್ತೇನೆ. ಅರ್ಜಿಯನ್ನು 6 ತಿಂಗಳೊಳಗೆ ಹಾಕಬೇಕು ಅಂತ ಈಗ ಕಾಯ್ದೆಯಲ್ಲಿದೆ. ಈ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ಆದರೂ ಅದನ್ನು ನಂಬಿ ಕೂರಬೇಡಿ. ಮೂಳೆ ಕೂಡುವ ಮೊದಲೇ ಅರ್ಜಿ ಹಾಕಬಹುದು, ಅಳತೆ ಆಮೇಲೆ ಕೊಡಬಹುದು. ಡಾಕ್ಟರ್ ಸಾಕ್ಷಿ ಹೇಳಲು ಬರಬೇಕು, ಅವರ ಡೇಟ್ ಸಿಗುವುದಕ್ಕೇ ತಿಂಗಳುಗಳು ಹೋಗುತ್ತವೆ. ಕೋರ್ಟಿನ ಪರವಾಗಿ ಒಬ್ಬ ಕಮಿಷನರ್ ನೇಮಿಸಿ ಸಾಕ್ಷ್ಯ ಬರೆಸಿಕೊಳ್ಳುವ ದಾರಿಯೂ ಇದೆ, ವಕೀಲರನ್ನು ಕೇಳಿ. ತೀರ್ಪು ಬಂದರೆ ಇನ್ಶೂರೆನ್ಸ್ ಕಂಪನಿ 30 ದಿನದಲ್ಲಿ ಹಣ ಕಟ್ಟಬೇಕು, ಆದರೆ ಹೈಕೋರ್ಟಿಗೆ ಅಪೀಲು ಹಾಕಲು 90 ದಿನ ಇದೆ, ಹೋದರೆ ಮತ್ತೆ ತಡ. ತಡಕ್ಕೆ ಬಡ್ಡಿ ಸಿಗುತ್ತದೆ, ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಬೇಗ ಮುಗಿಯುತ್ತದೆ, ಅಪೀಲು ಇರುವುದಿಲ್ಲ. ನಿಮಗೂ ಇರುವುದಿಲ್ಲ ಅನ್ನುವುದು ನೆನಪಿರಲಿ. ಅಳತೆ ಸಿಕ್ಕ ಮೇಲೆ ಅದಾಲತ್ ಒಳ್ಳೆಯ ದಾರಿ ಅಂತಲೇ ನನ್ನ ಅಭಿಪ್ರಾಯ.

ಅಕ್ಕಾ, ಈಗ ನಿಮಗೆ. ಇವತ್ತೇ ಸಹಿ ಹಾಕಬೇಡಿ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರನ್ನು ಎರಡು ಪ್ರಶ್ನೆ ಕೇಳಿ. ಮೂಳೆ ಪೂರ್ತಿ ಕೂಡಿದೆಯಾ? ಮಂಡಿ ಇನ್ನೂ ಮಡಚಬಹುದಾ? ಕೂಡಿದೆ, ಇನ್ನು ಇಷ್ಟೇ ಅಂದರೆ ಊನದ ಸರ್ಟಿಫಿಕೇಟ್ ಬರೆಸಿ, ವಕೀಲರಿಗೆ ಕೊಡಿ, ಆಗ ರಾಜಿಯ ಮಾತು ಆಡಿ. ಮಧ್ಯದಲ್ಲಿ ಒಂದು ಕೆಲಸ ನೀವೇ ಮಾಡಬಹುದು. ಯಜಮಾನರು ಯಾರ ಯಾರ ತೋಟದಲ್ಲಿ ಕೊನೆ ತೆಗೆಯುತ್ತಿದ್ದರೋ ಆ ತೋಟದವರ ಹೆಸರು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ದಿನಕ್ಕೆ ಎಷ್ಟು ಕೊಡುತ್ತಿದ್ದರು, ಯಾವ ತಿಂಗಳು, ಫೋನ್‌ನಲ್ಲಿ ಹಣ ಹಾಕಿದ್ದರೆ ಅದೂ. ಅವರಲ್ಲಿ ಇಬ್ಬರಾದರೂ ಕೋರ್ಟಿಗೆ ಬಂದು "ಹೌದು, ಇವರು ನಮ್ಮ ತೋಟದ ಕೊನೆಗಾರ" ಅಂತ ಹೇಳಲು ಒಪ್ಪುತ್ತಾರಾ ಅಂತ ಈ ವಾರವೇ ಕೇಳಿ ಇಟ್ಟುಕೊಳ್ಳಿ.