ಕೊನೆಯ ಲಾಂಚ್ ತಪ್ಪಿದ ರಾತ್ರಿ

ಕೇಳುಗರೇ, ನಮಸ್ಕಾರ.

ನಾನು ಶರಾವತಿ ಹಿನ್ನೀರಿನ ಆಚೆ ದಡದವಳು. ಸಾಗರ ತಾಲ್ಲೂಕಿನ ತುಮರಿ ಕಡೆ. ನಮ್ಮಲ್ಲಿ ಊರು ಎಷ್ಟು ದೂರ ಅಂತ ಯಾರೂ ಕೇಳುತ್ತಿರಲಿಲ್ಲ. 'ಲಾಂಚ್ ಇದೆಯಾ, ಹೋಯ್ತಾ?' ಅಂತಲೇ ಕೇಳುತ್ತಿದ್ದರು. ಲಾಂಚ್ ಅಂದರೆ ಹಿನ್ನೀರು ದಾಟಿಸುವ ಯಂತ್ರದ ದೋಣಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಹಿರಿಯರು ಓಡಾಡುತ್ತಿದ್ದ ದಾರಿಗಳೆಲ್ಲ ನೀರಡಿಗೆ ಹೋದವು. ನಾನು ಹುಟ್ಟಿದ್ದು ಅದಾದ ಮೇಲೆ. ಹಾಗಾಗಿ ನಾನು ಹೊಳೆ ನೋಡಿದವಳಲ್ಲ. ನನಗೆ ಗೊತ್ತಿದ್ದದ್ದು ನೀರು, ಮತ್ತೆ ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೇಳುವ ಒಣ ಮರದ ಬೊಡ್ಡೆಗಳು.

1984ರಲ್ಲಿ ಪಿಯುಸಿ ಓದಲು ಶಿವಮೊಗ್ಗಕ್ಕೆ ಬಂದೆ. ಇಬ್ಬರು ಗೆಳತಿಯರ ಜೊತೆ ಬಾಡಿಗೆ ರೂಮು. ಒಂದು ಬತ್ತಿ ಸ್ಟೌ, ನಾಲ್ಕು ಪಾತ್ರೆ, ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ. ಬಂದ ವಾರದಲ್ಲೇ ಗಾಂಧಿ ಬಜಾರಿಗೆ ಹೋಗಿ, ಚೌಕಾಸಿ ಮಾಡಿ, ಒಂದು ಛತ್ರಿ ಕೊಂಡೆ. ಇದೇನು ದೊಡ್ಡ ವಿಷಯ ಅನ್ನಿಸಬಹುದು. ನಮ್ಮ ಮನೆಯಲ್ಲಿ ಛತ್ರಿ ತರುವುದು ಅಪ್ಪಯ್ಯನ ಕೆಲಸ. ಬಣ್ಣ ಯಾವುದು ಬೇಕು ಅಂತ ಅದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಅಂಗಡಿಯವರು ಕೇಳಿದರು. ನಾನು ನೀಲಿ ಅಂದೆ.

ಆಗಸ್ಟ್ ತಿಂಗಳ ಒಂದು ಶನಿವಾರ. ಜೋಗ ನೋಡೋಣ ಅಂತ ಮೂವರೂ ಹೊರಟೆವು. ಯಾರ ಮನೆಗೂ ಹೇಳಲಿಲ್ಲ. ತಾಳಗುಪ್ಪಕ್ಕೆ ಆಗ ಮೀಟರ್ ಗೇಜ್ ರೈಲು. ಕುಂಸಿ ದಾಟಿದ ಮೇಲೆ ಎರಡೂ ಕಡೆ ಕಾಡು. ಕಿಟಕಿಯಿಂದ ಮಳೆ ಒಳಗೆ ಬರುತ್ತಿತ್ತು. ಮುಚ್ಚೋಣ ಅಂತ ಒಬ್ಬರಿಗೂ ಅನ್ನಿಸಲಿಲ್ಲ. ಅರಸಾಳು, ಆನಂದಪುರ, ಸಾಗರ. ಪ್ರತಿ ಸ್ಟೇಷನ್ನಿನಲ್ಲೂ ಗುರುತಿನವರು ಯಾರಾದರೂ ಹತ್ತುತ್ತಾರೇನೋ ಅಂತ ತಲೆ ಬಗ್ಗಿಸಿ ಕೂತೆವು.

ತಾಳಗುಪ್ಪದಿಂದ ಬಸ್ಸು. ಜೋಗದಲ್ಲಿ ಏನೂ ಕಾಣಲಿಲ್ಲ! 830 ಅಡಿ ಬೀಳುವ ನೀರು ಕಣ್ಣೆದುರಿಗಿದೆ, ಸದ್ದು ಎದೆಗೆ ಬಡಿಯುತ್ತಿದೆ, ಆದರೆ ಬರೀ ಬಿಳಿ ಮಂಜು. ಕಾದೆವು. ಒಮ್ಮೆ ಜೋರಾಗಿ ಗಾಳಿ ಬೀಸಿತು. ನನ್ನ ನೀಲಿ ಛತ್ರಿ ತಿರುವಿಕೊಂಡು ಕಡ್ಡಿ ಮುರಿಯಿತು. ಅದೇ ಗಾಳಿಗೆ ಮಂಜು ಸರಿಯಿತು. ರಾಜ, ರಾಣಿ, ರೋರರ್, ರಾಕೆಟ್, ನಾಲ್ಕೂ ಒಂದೇ ಸಲ ಕಂಡವು. ಹತ್ತು ಎಣಿಸುವಷ್ಟು ಹೊತ್ತು ಇರಬಹುದು. ಆಮೇಲೆ ಮತ್ತೆ ಮುಚ್ಚಿತು.

ಅಲ್ಲಿಗೇ ವಾಪಸ್ ಹೋಗಬೇಕಿತ್ತು. 'ಇಷ್ಟು ಹತ್ತಿರ ಬಂದಿದೀವಿ, ನಮ್ಮನೆಗೇ ಹೋಗೋಣ' ಅಂದವಳು ನಾನೇ. ಸಾಗರಕ್ಕೆ ಬಂದು, ಬಸ್ಸಿಗೆ ಕಾದು, ಅಂಬಾರಗೋಡ್ಲಿನ ದಡ ಮುಟ್ಟುವಾಗ ಕತ್ತಲಾಗಿತ್ತು. ಕೊನೆಯ ಲಾಂಚ್ ಹೋಗಿಬಿಟ್ಟಿತ್ತು.

ದಡದಲ್ಲಿ ಒಂದು ಚಹಾದ ಗುಡಿಸಲು. ಅಲ್ಲಿದ್ದ ಅಜ್ಜಿ ನಮ್ಮನ್ನು ನೋಡಿ, 'ಯಾರ ಮನೆ ಮಕ್ಳೇ ನೀವು?' ಅಂದರು. ಉತ್ತರಕ್ಕೆ ಕಾಯಲಿಲ್ಲ. ತಲೆ ಒರೆಸಿಕೊಳ್ಳಲು ಬಟ್ಟೆ ಕೊಟ್ಟರು. ಬಿಸಿ ಗಂಜಿ, ಸುಟ್ಟ ಹಪ್ಪಳ ಕೊಟ್ಟರು. ಒಲೆಯ ಪಕ್ಕ ಚಾಪೆ ಹಾಸಿದರು.

ಗೆಳತಿಯರು ಮಲಗಿದರು. ನನಗೆ ನಿದ್ದೆ ಬರಲಿಲ್ಲ. ಹೊರಗೆ ಬಂದು ನಿಂತೆ. ಆಚೆ ದಡದಲ್ಲಿ ಒಂದೇ ಒಂದು ಲಾಟೀನಿನ ಬೆಳಕು. ನಾನು ಇಲ್ಲಿದ್ದೇನೆ ಅಂತ ಮನೆಯವರಿಗೆ ಗೊತ್ತಿಲ್ಲ, ಶಿವಮೊಗ್ಗದಲ್ಲಿ ಯಾರಿಗೂ ಗೊತ್ತಿಲ್ಲ. ಮೊದಲು ಕೈಕಾಲು ನಡುಗಿತು. ಅಮ್ಮ ನೆನಪಾದಳು. ಆಮೇಲೆ, ಹೇಗೆ ಹೇಳಲಿ, ಭಯದ ಒಳಗಿನಿಂದಲೇ ಒಂದು ಸಂತೋಷ ಬಂತು. ಈ ಕತ್ತಲೆ, ಈ ಮಳೆ, ಈ ತಪ್ಪು, ಎಲ್ಲವೂ ನನ್ನದು. ನಾನೇ ತಂದುಕೊಂಡಿದ್ದು. ನಾಳೆ ಬೆಳಗ್ಗೆ ಅಪ್ಪಯ್ಯನಿಗೆ ಉತ್ತರ ಕೊಡಬೇಕಾದವಳೂ ನಾನೇ.

ಬೆಳಗ್ಗೆ ಮೊದಲ ಲಾಂಚಿನಲ್ಲಿ ದಾಟಿದೆವು. ಆ ದಡದಲ್ಲಿ ಅಪ್ಪಯ್ಯನೇ ನಿಂತಿದ್ದರು! ಸಾಗರಕ್ಕೆ ಹೊರಟಿದ್ದರು. ಮೂವರನ್ನೂ ನೋಡಿದರು. ಮುರಿದ ಛತ್ರಿ ನೋಡಿದರು. ಕಾಲೇಜು ಬಿಡಿಸುತ್ತಾರೆ ಅಂತ ನಾನು ತೀರ್ಮಾನ ಮಾಡಿಯಾಗಿತ್ತು. ಅವರು ಕೇಳಿದ್ದು ಒಂದೇ ಮಾತು. 'ರಾತ್ರಿ ಉಂಡ್ರಾ ಮಕ್ಳೇ?'

ಉಂಡ್ವಿ ಅಂದೆ. ಎಲ್ಲವನ್ನೂ ಹೇಳಿದೆ. ಒಂದೂ ಮುಚ್ಚಿಡಲಿಲ್ಲ. ಅವತ್ತು ಅವರು ಸಾಗರಕ್ಕೆ ಹೋಗಲೇ ಇಲ್ಲ, ನಮ್ಮ ಜೊತೆ ಮನೆಗೆ ತಿರುಗಿದರು. ಸೋಮವಾರ ಹೊರಡುವಾಗ ತಮ್ಮ ಮೂರು ಸೆಲ್ಲಿನ ಬ್ಯಾಟರಿಯನ್ನು ನನ್ನ ಚೀಲಕ್ಕೆ ಹಾಕಿದರು. 'ಲಾಂಚ್ ಇನ್ನೂ ತಪ್ಪತ್ತೆ, ಇದು ಇರಲಿ' ಅಂದರು. ಇನ್ನು ಮೇಲೆ ಹೀಗೆ ಹೋಗಬೇಡ ಅನ್ನಲಿಲ್ಲ. ನಲವತ್ತು ವರ್ಷವಾಯಿತು. ಆ ಮಾತು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ನಮ್ಮ ದಡದ ಕಳಸವಳ್ಳಿ ನಡುವೆ ಸೇತುವೆ ತೆರೆಯಿತು. ಉದ್ದ 2.44 ಕಿಲೋಮೀಟರ್. ಬಸುರಿಯರನ್ನು, ಜ್ವರದ ಮಕ್ಕಳನ್ನು ಕರೆದುಕೊಂಡು ದಡದಲ್ಲಿ ಕಾದ ಜನ ನಾವು. ಈ ಸೇತುವೆ ಎಷ್ಟೋ ಮೊದಲೇ ಬರಬೇಕಿತ್ತು.

ಮೊನ್ನೆ ರಾತ್ರಿ ಒಂಬತ್ತಕ್ಕೆ ನಾನೇ ಕಾರು ಓಡಿಸಿಕೊಂಡು ದಾಟಿದೆ. ಕಿಟಕಿ ಇಳಿಸಿದೆ. ನೀರಿನ ಅದೇ ವಾಸನೆ. ಪಕ್ಕದ ಸೀಟಿನಲ್ಲಿ ನನ್ನ ಚೀಲ, ಚೀಲದಲ್ಲಿ ಅಪ್ಪಯ್ಯನ ಬ್ಯಾಟರಿ. ಹೊಸ ಸೆಲ್ಲು ಹಾಕಿದರೆ ಈಗಲೂ ಉರಿಯುತ್ತದೆ.

ನಮಸ್ಕಾರ.