ಹೋರಿಗಿಂತ ಮೊದಲು ರಿಜಿಸ್ಟರ್ ನೋಡುತ್ತಿದ್ದ ಮೇಷ್ಟ್ರು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಬೇಕೆಂದಿರುವುದು ಈಚೆಗೆ ತೀರಿಕೊಂಡ ನನ್ನ ಹಿರಿಯ ಸಹೋದ್ಯೋಗಿಯೊಬ್ಬರ ಬಗ್ಗೆ. ದನಗಳ ತಳಿ ಸುಧಾರಣೆ ಅವರ ಕ್ಷೇತ್ರ. ಪಾಠ ಹೇಳುವ ಕೆಲಸ ಅವರದಲ್ಲದಿದ್ದರೂ ನಾವೆಲ್ಲ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದೆವು. ಹೆಸರು ಹೇಳಿ ಹೊಗಳಿದರೆ ಅವರಿಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಇಲ್ಲೂ ಮೇಷ್ಟ್ರು ಎಂದೇ ಹೇಳುತ್ತೇನೆ.

ಯಾವುದಾದರೂ ಫಾರಂಗೆ ಹೋದರೆ ನಾವು ಮೊದಲು ನುಗ್ಗುತ್ತಿದ್ದುದು ಕೊಟ್ಟಿಗೆಗೆ. ಎತ್ತರದ ಹೋರಿ, ತುಂಬು ಕೆಚ್ಚಲಿನ ಹಸು ಕಂಡರೆ ಯಾರಿಗೆ ತಾನೇ ಖುಷಿಯಾಗಲ್ಲ? ಮೇಷ್ಟ್ರು ಮಾತ್ರ ಆಫೀಸಿನ ಕೋಣೆಗೆ ಹೋಗಿ ಹಾಲಿನ ರಿಜಿಸ್ಟರ್ ಕೇಳುತ್ತಿದ್ದರು. ಒಮ್ಮೆ ಹೀಗೇ ಪುಟದ ಮೇಲೆ ಬೆರಳಾಡಿಸುತ್ತಿದ್ದವರು ನನ್ನನ್ನು ಕರೆದು, "ಕೊನೇ ಅಂಕಿ ಮಾತ್ರ ಓದಪ್ಪ" ಅಂದರು. 8.0, 8.5, 9.0, 7.5. ಇಡೀ ತಿಂಗಳಲ್ಲಿ ಬಿಂದುವಿನ ಆಚೆ ಸೊನ್ನೆ, ಐದು ಬಿಟ್ಟರೆ ಬೇರೆ ಅಂಕಿಯೇ ಇಲ್ಲ! ನಿಜವಾಗಿ ತೂಗಿದ್ದರೆ ಒಂದು ದಿನ 8.3 ಬರಬೇಕು, ಇನ್ನೊಂದು ದಿನ 7.8 ಬರಬೇಕು, ಅಲ್ವಾ? ಅದು ಕೂತು ಅಂದಾಜಿನಲ್ಲಿ ತುಂಬಿದ ಪುಟ. ಮೇಷ್ಟ್ರು ಯಾರನ್ನೂ ಗದರಲಿಲ್ಲ. ಹಾಲು ಅಳೆಯುವ ಹುಡುಗನನ್ನು ಕರೆದು ತಕ್ಕಡಿ ತೋರಿಸು ಅಂದರು. ಅದರ ಮುಳ್ಳು ಅಲುಗುತ್ತಲೇ ಇರಲಿಲ್ಲ. ಹೊಸ ತಕ್ಕಡಿ ಬರುವವರೆಗೆ ಆ ಫಾರಂನ ಒಂದು ಅಂಕಿಯನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಇಷ್ಟು ಹಟ ಯಾಕೆ ಅಂದರೆ, ಹೋರಿ ಹಾಲು ಕೊಡುವುದಿಲ್ಲ. ಅದರ ಬೆಲೆ ಗೊತ್ತಾಗುವುದು ಹೆಣ್ಣುಮಕ್ಕಳಿಂದ. ಹೋರಿಗೆ ವರ್ಷ ತುಂಬಿದ ಮೇಲೆ ವೀರ್ಯ ತೆಗೆಯಬೇಕು. ಗರ್ಭ ಕಟ್ಟಿ ಒಂಬತ್ತು ತಿಂಗಳಿಗೆ ಕರು. ಆ ಕರು ಕಡಸಾಗಿ, ಗಬ್ಬವಾಗಿ, ಈದು, ಮೊದಲ ಸೂಲಿನ ಹಾಲು ಮುಗಿಸುವ ಹೊತ್ತಿಗೆ ಹೋರಿಗೆ ಐದು ವರ್ಷ ದಾಟಿರುತ್ತದೆ. ಇಷ್ಟು ಕಾದ ಮೇಲೆ ಕೈಗೆ ಸಿಗುವ ಅಂಕಿಯೇ ಸುಳ್ಳಾದರೆ?

ಅಂಕಿ ನಿಜವಾಗಿದ್ದರೂ ಕೆಲಸ ಮುಗಿಯುವುದಿಲ್ಲ. ಹಸುಗಳ ನಡುವೆ ಹಾಲಿನಲ್ಲಿ ಕಾಣುವ ವ್ಯತ್ಯಾಸದಲ್ಲಿ ಸುಮಾರು ಕಾಲು ಭಾಗವಷ್ಟೇ ವಂಶದಿಂದ ಬಂದದ್ದು. ಉಳಿದದ್ದು ಮೇವು, ಆರೈಕೆ, ಹವೆ, ಕಾಯಿಲೆ. ಈ ಎರಡನ್ನು ಬೇರೆ ಮಾಡುವ ಗಣಿತ ಕೊಟ್ಟವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಚಾರ್ಲ್ಸ್ ಹೆಂಡರ್ಸನ್. ಬ್ಲಪ್ ಅಂತ ಅದಕ್ಕೆ ಹೆಸರು. ಅದರ ಮೂಲ ಸಮೀಕರಣಗಳು 1950ರ ಆಸುಪಾಸಿನವು. ಹೋರಿಗಳನ್ನು ಅಳೆಯಲು ಅವು ದೊಡ್ಡದಾಗಿ ಬಳಕೆಗೆ ಬಂದದ್ದು ಕಂಪ್ಯೂಟರ್ ಬೆಳೆದ ಮೇಲೆ, 1970ರ ದಶಕದಲ್ಲಿ. ಮೇಷ್ಟ್ರು ಈ ಲೆಕ್ಕವನ್ನು ಮೂರು ಹಸು, ಎರಡು ಹೋರಿ ಇಟ್ಟುಕೊಂಡು ಹಾಳೆಯ ಮೇಲೆ ಮಾಡಿ ತೋರಿಸುತ್ತಿದ್ದರು. ಸಾಫ್ಟ್‌ವೇರ್ ಕೊಟ್ಟ ಉತ್ತರವನ್ನು ಸುಮ್ನೆ ನಂಬಿದವರನ್ನು ಅವರು ಹತ್ತಿರ ಸೇರಿಸುತ್ತಿರಲಿಲ್ಲ.

ಒಳ್ಳೆಯ ಹೋರಿ ಸಿಕ್ಕಿತು ಅಂದರೆ ಎಲ್ಲರಿಗೂ ಅದರದೇ ವೀರ್ಯ ಬೇಕು. ಮೇಷ್ಟ್ರಿಗೆ ಅಲ್ಲಿಂದಲೇ ಅನುಮಾನ ಶುರು. ವಂಶಾವಳಿಯ ಹಾಳೆ ಬಿಡಿಸಿ, ತಂದೆ ಕಡೆ ಒಂದು ಹೆಸರಿಗೆ, ತಾಯಿ ಕಡೆ ಒಂದು ಹೆಸರಿಗೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕುತ್ತಿದ್ದರು. ಎರಡೂ ಒಂದೇ ಹೆಸರು. "ಅಜ್ಜನೂ ಇವನೇ, ಮುತ್ತಜ್ಜನೂ ಇವನೇ ಆದರೆ ಮುಂದೇನಪ್ಪ?" ಅನ್ನುತ್ತಿದ್ದರು.

ಆಮೇಲೆ ಚೀಫ್‌ನ ಕತೆ ಬರುತ್ತಿತ್ತು. ಪಾನೀ ಫಾರ್ಮ್ ಆರ್ಲಿಂಡಾ ಚೀಫ್ ಅನ್ನುವುದು 1962ರಲ್ಲಿ ಅಮೆರಿಕದಲ್ಲಿ ಹುಟ್ಟಿದ, ಹೆಚ್ಚು ಹಾಲಿಗೆ ಹೆಸರಾದ ತಳಿಯಾದ ಹೋಲ್‌ಸ್ಟೀನ್ ಹೋರಿ. ಅದಕ್ಕೆ 16,000 ಹೆಣ್ಣುಮಕ್ಕಳು, 5 ಲಕ್ಷ ಮೊಮ್ಮಕ್ಕಳು, 20 ಲಕ್ಷಕ್ಕೂ ಜಾಸ್ತಿ ಮರಿಮಕ್ಕಳು. ಹಾಲೇನೋ ಹೆಚ್ಚಿತು. ಆದರೆ ಚೀಫ್‌ನಲ್ಲಿ ಒಂದು ಕೆಟ್ಟ ಜೀನ್ ಅಡಗಿತ್ತು. ಒಂದೇ ಕಡೆಯಿಂದ ಬಂದರೆ ಏನೂ ಆಗುವುದಿಲ್ಲ. ತಂದೆ ತಾಯಿ ಎರಡೂ ಕಡೆಯಿಂದ ಬಂದರೆ ಕರು ಗರ್ಭದಲ್ಲೇ ಸಾಯುತ್ತದೆ. ಸಾಕಿದವರಿಗೆ ಕಂಡದ್ದು ಇಷ್ಟೇ: ಹಸು ಗಬ್ಬ ನಿಲ್ಲಲಿಲ್ಲ, ಇಲ್ಲವೇ ಕಂದು ಹಾಕಿತು. ಸುಮಾರು 35 ವರ್ಷಗಳಲ್ಲಿ ಲೋಕದಲ್ಲೆಲ್ಲ ಹೀಗೆ ಹೋದ ಕರುಗಳು 5 ಲಕ್ಷಕ್ಕೂ ಹೆಚ್ಚು ಅಂತ ಅಂದಾಜು.

ಅದು ಪತ್ತೆಯಾದ ಬಗೆ ಕೇಳಿ. ಸಾವಿರಾರು ಹೋಲ್‌ಸ್ಟೀನ್‌ಗಳ ಡಿಎನ್‌ಎ ನೋಡಿದಾಗ ಒಂದು ತುಣುಕು ಎಷ್ಟೋ ದನಗಳಲ್ಲಿ ಒಂದು ಪ್ರತಿಯಾಗಿ ಕಾಣಿಸಿತು. ಲೆಕ್ಕದ ಪ್ರಕಾರ ಕೆಲವಕ್ಕಾದರೂ ಎರಡು ಪ್ರತಿ ಇರಬೇಕಿತ್ತು. ಒಂದರಲ್ಲೂ ಇರಲಿಲ್ಲ. ಇದ್ದವು ಹುಟ್ಟಿಯೇ ಇರಲಿಲ್ಲ! 2011ರಲ್ಲಿ ಆ ವರದಿ ಬಂತು. ಮೇಷ್ಟ್ರು ಅದನ್ನು ಕೈಯಲ್ಲಿ ಹಿಡಿದು ಕೋಣೆಯಿಂದ ಕೋಣೆಗೆ ಓಡಾಡಿದರು. "ಇಲ್ಲದ ಕರುವನ್ನು ಎಣಿಸಿದ್ದಾರೆ ನೋಡ್ರಪ್ಪ" ಅಂತ ಎಲ್ಲರಿಗೂ ಓದಿ ಹೇಳಿದರು.

ಅವರ ಎಲ್ಲ ಮಾತೂ ನನಗೆ ಒಪ್ಪಿಗೆಯಾಗುತ್ತಿರಲಿಲ್ಲ. ಒಂದು ಹೋರಿಯ ವೀರ್ಯವನ್ನು ಇಷ್ಟಕ್ಕಿಂತ ಹೆಚ್ಚು ಹಂಚಬಾರದು ಅಂತ ಅವರು ಹಾಕುತ್ತಿದ್ದ ಮಿತಿ ತೀರಾ ಬಿಗಿ ಅನ್ನುವುದು ಈಗಲೂ ನನ್ನ ಅಭಿಪ್ರಾಯ. ಅದರಿಂದ ಪ್ರಗತಿ ನಿಧಾನವಾಗುತ್ತದೆ. ಅವರೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ, ನಿಧಾನವಾಗಲಿ ಬಿಡು ಅನ್ನುತ್ತಿದ್ದರು. ಸಭೆಗಳಲ್ಲಿ ಇದು ಕಿರಿಕಿರಿಯೇ.

ಜೀನೋಮಿಕ್ಸ್, ಅಂದರೆ ಡಿಎನ್‌ಎ ನೋಡಿಯೇ ದನದ ಗುಣ ಅಂದಾಜಿಸುವ ವಿಧಾನ, ಬಂದಾಗ ಕಿರಿಯರೆಲ್ಲ ಕುಣಿದಾಡಿದರು. 2001ರಲ್ಲಿ ಮ್ಯುವಿಸನ್, ಹೇಸ್, ಗೊಡಾರ್ಡ್ ಎಂಬ ವಿಜ್ಞಾನಿಗಳು ಅದಕ್ಕೆ ದಾರಿ ತೋರಿಸಿದ್ದರು. 2009ರಲ್ಲಿ ಅಮೆರಿಕ ತನ್ನ ಹೋಲ್‌ಸ್ಟೀನ್‌ಗಳಿಗೆ ಅದನ್ನು ಅಧಿಕೃತವಾಗಿ ಬಳಸತೊಡಗಿತು. ಎಳೆಗರುವಿನ ಒಂದಿಷ್ಟು ಕೂದಲು ಸಾಕು, ಮುಂದಿನದನ್ನು ಅಂದಾಜಿಸಬಹುದು. ಇನ್ನು ರಿಜಿಸ್ಟರ್ ಯಾಕೆ ಅಂದ ಒಬ್ಬರಿಗೆ ಮೇಷ್ಟ್ರು ಕೇಳಿದ್ದು, "ಯಾವ ತುಣುಕಿಗೆ ಎಷ್ಟು ಹಾಲು ಅಂತ ಕಂಪ್ಯೂಟರಿಗೆ ಹೇಳಿಕೊಟ್ಟವರು ಯಾರಪ್ಪ?" ಹೌದಲ್ಲ. ಹಾಲು ತೂಗಿ ಬರೆದಿಟ್ಟ ಸಾವಿರಾರು ಹಸುಗಳ ದಾಖಲೆ ಇಲ್ಲದೆ ಆ ಅಂದಾಜು ಹುಟ್ಟುವುದೇ ಇಲ್ಲ. ತಲೆಮಾರು ದಾಟಿದಂತೆ ಹೊಸ ದಾಖಲೆ ಸೇರಿಸದಿದ್ದರೆ ಅದು ಹಳಸುತ್ತದೆ ಕೂಡ.

ನಮ್ಮ ರಿಜಿಸ್ಟರಿನಲ್ಲಿ ಅವರು ಸೇರಿಸಿದ ಕಾಲಂಗಳು ಎರಡು: ಹಸು ಮತ್ತೆ ಬೆದೆಗೆ ಬಂದ ದಿನ, ಕಂದು ಹಾಕಿದ ದಿನ. ಗರ್ಭ ನಿಲ್ಲುವ ಗುಣದಲ್ಲಿ ವಂಶದ ಪಾಲು ಬಹಳ ಕಡಿಮೆ, ನೂರಕ್ಕೆ ಐದರ ಆಸುಪಾಸು, ಅದಕ್ಕಾಗಿ ಒದ್ದಾಡುವುದು ದಂಡ ಅಂತ ಅನೇಕರು ಹೇಳಿದರು. ಪಾಲು ಕಡಿಮೆಯಾದರೆ ಒಂದು ಹೋರಿಯನ್ನು ಅಳೆಯಲು ಅದರ ಹೆಣ್ಣುಮಕ್ಕಳ ಸಂಖ್ಯೆ ಜಾಸ್ತಿ ಬೇಕು ಅಷ್ಟೇ ಅನ್ನುವುದು ಅವರ ಉತ್ತರ. ನಾರ್ವೆಯವರು 1970ರ ದಶಕದಿಂದಲೇ ಹಾಲಿನ ಜೊತೆಗೆ ಗರ್ಭಧಾರಣೆಯನ್ನೂ ಕೆಚ್ಚಲು ಬಾವನ್ನೂ ನೋಡಿ ಹೋರಿ ಆರಿಸುತ್ತಾ ಬಂದಿದ್ದಾರೆ. ಅವರ ಕೆಂಪು ತಳಿ ಹೋಲ್‌ಸ್ಟೀನ್‌ಗಿಂತ ಸಲೀಸಾಗಿ ಗಬ್ಬ ನಿಲ್ಲುತ್ತದೆ.

ಆ ಎರಡು ಕಾಲಂ ಈಗಲೂ ಇವೆ. ಖಾಲಿ ಬಿಟ್ಟ ಪುಟವನ್ನು ವಾಪಸ್ ಕಳಿಸುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ.

ನಮಸ್ಕಾರ.