ಒಡೆದು ಹುಟ್ಟಿದ ಒಡಹುಟ್ಟುಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಮಂಗಳ ಮತ್ತು ಗುರು ಗ್ರಹಗಳ ನಡುವೆ ಲಕ್ಷಾಂತರ ಬಂಡೆಗಳು ಸೂರ್ಯನನ್ನು ಸುತ್ತುತ್ತಿವೆ. ಇವೇ ಕ್ಷುದ್ರಗ್ರಹಗಳು. ಇವುಗಳ ಮಾತು ತೆಗೆದಾಗಲೆಲ್ಲ ನನಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ: ‘ಇವೆಲ್ಲ ಹಿಂದೊಮ್ಮೆ ಒಡೆದುಹೋದ ದೊಡ್ಡ ಗ್ರಹವೊಂದರ ಚೂರುಗಳಲ್ಲವೇ?’ ಅಲ್ಲ. 1801ರಲ್ಲಿ ಸೆರೆಸ್, ಮರುವರ್ಷ ಪಲ್ಲಾಸ್ ಎಂಬ ಕ್ಷುದ್ರಗ್ರಹಗಳು ಪತ್ತೆಯಾದಾಗ ಜರ್ಮನಿಯ ಖಗೋಳಜ್ಞ ಓಲ್ಬರ್ಸ್ ಹಾಗೆ ಊಹಿಸಿದ್ದು ನಿಜ. ಆದರೆ ಆ ವಲಯದಲ್ಲಿರುವ ಅಷ್ಟನ್ನೂ ಗುಡ್ಡೆಹಾಕಿದರೂ ನಮ್ಮ ಚಂದ್ರನ ದ್ರವ್ಯರಾಶಿಯ ನೂರರಲ್ಲಿ ಸುಮಾರು ಮೂರು ಪಾಲು ಮಾತ್ರ ಆಗುತ್ತದೆ. ಎರಡು ಶತಮಾನ ಕಳೆದರೂ ಜನರ ಮನಸ್ಸಿನಿಂದ ಇಳಿಯದ ಈ ಊಹೆಯನ್ನು ದಯವಿಟ್ಟು ಇವತ್ತಾದರೂ ಕೈಬಿಡಿ. ಅದಕ್ಕಿಂತ ಎಷ್ಟೋ ಸೊಗಸಾದ ಸತ್ಯವೊಂದು ಅದರ ಮರೆಯಲ್ಲಿ ಉಳಿದುಬಿಟ್ಟಿದೆ. ಒಡೆದದ್ದು ಒಂದು ಗ್ರಹವಲ್ಲ. ನೂರಕ್ಕೂ ಹೆಚ್ಚು ಕ್ಷುದ್ರಗ್ರಹಗಳು ಬೇರೆ ಬೇರೆ ಕಾಲಗಳಲ್ಲಿ ಪೆಟ್ಟು ತಿಂದು ಒಡೆದಿವೆ, ಮತ್ತು ಹಾಗೆ ಒಡೆದ ಒಂದೊಂದರ ಚೂರುಗಳೂ ಇಂದಿಗೂ ಒಂದೊಂದು ಕುಟುಂಬವಾಗಿ ಸೂರ್ಯನನ್ನು ಸುತ್ತುತ್ತಿವೆ. ನಾವು ಒಡಹುಟ್ಟಿದವರು ಎನ್ನುತ್ತೇವಲ್ಲ, ಇವು ಅಕ್ಷರಶಃ ಒಡೆದು ಹುಟ್ಟಿದವು.

ಹಾಗಾದರೆ ಯಾವ ಚೂರು ಯಾವ ಮನೆಯದು ಎಂದು ತಿಳಿಯುವುದು ಹೇಗೆ? ಅಕ್ಕಪಕ್ಕದಲ್ಲಿ ಇದ್ದಾವೆಯೇ ಎಂದು ನೋಡಿದರೆ ಸಾಕಲ್ಲ ಎಂದು ತೋರಬಹುದು. ಸಾಲದು. ಆ ವಲಯದಲ್ಲಿ ಬಂಡೆಯೊಂದು ಸೆಕೆಂಡಿಗೆ ಹದಿನೇಳು ಹದಿನೆಂಟು ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅದು ಒಡೆದಾಗ ಎರಡು ಚೂರುಗಳ ವೇಗದಲ್ಲಿ ಸೆಕೆಂಡಿಗೆ ಕೇವಲ 10 ಮೀಟರಿನಷ್ಟು ವ್ಯತ್ಯಾಸ ಉಂಟಾದರೂ, ಪ್ರತಿ ಸುತ್ತಿನಲ್ಲೂ ಒಂದು ಸ್ವಲ್ಪ ಮುಂದೆ, ಇನ್ನೊಂದು ಸ್ವಲ್ಪ ಹಿಂದೆ ಆಗುತ್ತಾ, ಮೂರು ನಾಲ್ಕು ಸಾವಿರ ವರ್ಷಗಳೊಳಗೆ ಅವು ಇಡೀ ದಾರಿಯ ಉದ್ದಕ್ಕೂ ಚದುರಿಹೋಗುತ್ತವೆ. ಅಣ್ಣ ಸೂರ್ಯನ ಈಚೆಗಿದ್ದರೆ ತಮ್ಮ ಆಚೆಗಿರುತ್ತಾನೆ. ಆದರೆ ಓಡುವ ದಾರಿ ಮಾತ್ರ ಹೆಚ್ಚುಕಡಿಮೆ ಅದೇ ಆಗಿರುತ್ತದೆ. ಆದ್ದರಿಂದ ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದೊಂದನ್ನೇ: ಕ್ಷುದ್ರಗ್ರಹಗಳ ನಂಟನ್ನು ಅವು ಇರುವ ಜಾಗ ಹೇಳುವುದಿಲ್ಲ, ಅವುಗಳ ಕಕ್ಷೆ ಹೇಳುತ್ತದೆ.

ಇದನ್ನು ಮೊದಲು ಕಂಡುಕೊಂಡವರು ಜಪಾನಿನ ಕಿಯೊತ್ಸುಗು ಹಿರಯಾಮ. 1918ರಲ್ಲಿ ಅವರು 790 ಕ್ಷುದ್ರಗ್ರಹಗಳ ಕಕ್ಷೆಗಳನ್ನು ಮುಂದಿಟ್ಟುಕೊಂಡು, ಸೂರ್ಯನಿಂದ ಸರಾಸರಿ ದೂರ ಎಷ್ಟು, ಕಕ್ಷೆ ಎಷ್ಟು ಚಪ್ಪಟೆ, ಎಷ್ಟು ಓರೆ ಎಂಬ ಮೂರು ಅಳತೆಗಳನ್ನು ಹೋಲಿಸಿದರು. ತೊಡಕು ಇದ್ದದ್ದು ಗುರುಗ್ರಹದಲ್ಲಿ. ಅದರ ಎಳೆತದಿಂದ ಈ ಚಪ್ಪಟೆತನವೂ ಓರೆಯೂ ಸಾವಿರಾರು ವರ್ಷಗಳ ಲಯದಲ್ಲಿ ತುಯ್ದಾಡುತ್ತಲೇ ಇರುತ್ತವೆ. ಹಿರಯಾಮ ಆ ತುಯ್ದಾಟವನ್ನು ಲೆಕ್ಕ ಹಾಕಿ ಕಳೆದು, ಕೆಳಗೆ ಉಳಿಯುವ ಸ್ಥಿರವಾದ ಬೆಲೆಗಳನ್ನು ಹೊರತೆಗೆದರು. ಆಗ ಕೊರೊನಿಸ್, ಇಯೋಸ್, ಥೆಮಿಸ್ ಎಂಬ ಮೂರು ಗುಂಪುಗಳು ಎದ್ದು ಕಂಡವು. ಅವಕ್ಕೆ ಕುಟುಂಬಗಳೆಂದು ಹೆಸರಿಟ್ಟವರೂ ಅವರೇ. ವಿದ್ಯಾರ್ಥಿಯಾಗಿದ್ದಾಗ ನಾನು ಈ ಲೆಕ್ಕದ ಫಲವನ್ನು ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಿಟ್ಟು ನೋಡಿದ್ದೇನೆ. ಗುರುವಿನ ತುಯ್ದಾಟವನ್ನು ಕಳೆಯದ ಹಾಳೆಯಲ್ಲಿ ಚುಕ್ಕಿಗಳು ಚೆಲ್ಲಿದ ರಾಗಿಯಂತೆ ಹರಡಿದ್ದವು. ಕಳೆದ ಮೇಲಿನ ಹಾಳೆಯಲ್ಲಿ, ಸೂರ್ಯ ಮತ್ತು ಭೂಮಿಯ ನಡುವಿನ ದೂರದ 2.87 ಪಟ್ಟು ಎಂಬ ಗೆರೆಯ ಬಳಿ, ಓರೆ ಎರಡು ಡಿಗ್ರಿ ಎಂಬಲ್ಲಿ, ಒಂದೇ ಸಣ್ಣ ಚೌಕಕ್ಕೆ ಪೆನ್ನಿನ ಮುಳ್ಳು ಎಷ್ಟು ಸಲ ತಾಗಿತೆಂದರೆ ಅಲ್ಲಿ ಕಾಗದವೇ ಸವೆದು ತೂತಾಯಿತು. ಅದು ಕೊರೊನಿಸ್ ಕುಟುಂಬ. ಆ ತೂತಿನ ಹಾಳೆ ಈಗಲೂ ನನ್ನ ಬಳಿ ಇದೆ.

ಈಗ ನನಗೆ ಅತ್ಯಂತ ಪ್ರಿಯವಾದ ಪ್ರಸಂಗಕ್ಕೆ ಬರುತ್ತೇನೆ. ಕೊರೊನಿಸ್ ಕುಟುಂಬ ನೂರು ಕೋಟಿ ವರ್ಷಗಳಿಗಿಂತಲೂ ಹಳೆಯದು. ಆದರೆ ಅದರೊಳಗೇ, ಕರಿನ್ ಎಂಬ ಸುಮಾರು ಇಪ್ಪತ್ತು ಕಿಲೋಮೀಟರ್ ಗಾತ್ರದ ಕ್ಷುದ್ರಗ್ರಹದ ಸುತ್ತ, ಇನ್ನೂ ಬಿಗಿಯಾದ ಒಂದು ಗಂಟು ಇರುವುದು ಅಮೆರಿಕದ ಬೋಲ್ಡರಿನಲ್ಲಿ ಕೆಲಸ ಮಾಡುತ್ತಿದ್ದ ಡೇವಿಡ್ ನೆಸ್ವೋರ್ನಿ ಮತ್ತು ಸಂಗಡಿಗರ ಕಣ್ಣಿಗೆ ಬಿತ್ತು. ಇದು ಇತ್ತೀಚೆಗೆ ಒಡೆದದ್ದಾದರೆ, ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ಒಡೆದ ಗಳಿಗೆಯನ್ನೇ ಹಿಡಿಯಬಹುದಲ್ಲವೇ?

ಅವರು ಮಾಡಿದ್ದು ಇದನ್ನು. ಪ್ರತಿ ಕಕ್ಷೆಯನ್ನೂ ಓರೆಯಾಗಿ ಹಿಡಿದ ಬಳೆ ಎಂದು ಭಾವಿಸಿಕೊಳ್ಳಿ. ತಲೆ ವಾಲಿಸಿ ತಿರುಗುವ ಬುಗುರಿಯ ತಲೆ ಹೇಗೆ ಮೆಲ್ಲಗೆ ಸುತ್ತು ಬರುತ್ತದೆಯೋ ಹಾಗೆ, ಬಳೆಯ ಓರೆ ಅಷ್ಟೇ ಇದ್ದರೂ ಅದು ವಾಲಿರುವ ದಿಕ್ಕು ಗ್ರಹಗಳ ಎಳೆತದಿಂದ ಮೆಲ್ಲಗೆ ಸುತ್ತು ಬರುತ್ತದೆ. ಒಡೆದ ಗಳಿಗೆಯಲ್ಲಿ ಚೂರುಗಳ ಬಳೆಗಳೆಲ್ಲ ಒಂದೇ ದಿಕ್ಕಿಗೆ ವಾಲಿರುತ್ತವೆ. ಆಮೇಲೆ ಒಂದೊಂದೂ ತುಸು ಬೇರೆ ವೇಗದಲ್ಲಿ ಸುತ್ತುವುದರಿಂದ ದಿಕ್ಕುಗಳು ಕಲಸಿಹೋಗುತ್ತವೆ. ಕರಿನ್ ಗುಂಪಿನ 13 ಕ್ಷುದ್ರಗ್ರಹಗಳು ಇಂದು ದಿಕ್ಕಿಗೊಂದರಂತೆ ವಾಲಿವೆ. ಆ ಹದಿಮೂರನ್ನೂ ಅವರು ಕಂಪ್ಯೂಟರಿನಲ್ಲಿ ಹಿಂದಕ್ಕೆ ಓಡಿಸಿದರು. ಹತ್ತು ಲಕ್ಷ ವರ್ಷ ಹಿಂದೆ ಹೋದರು, ಹೊಂದಿಕೆಯಿಲ್ಲ. ಮೂವತ್ತು ಲಕ್ಷ, ಐವತ್ತು ಲಕ್ಷ, ಇಲ್ಲ. 58 ಲಕ್ಷ ವರ್ಷಗಳ ಹಿಂದಿನ ಹೊತ್ತಿಗೆ ಬಂದಾಗ ಹದಿಮೂರು ಬಳೆಗಳೂ ಒಂದೇ ಕಡೆಗೆ ತಿರುಗಿ ನಿಂತವು! ಇನ್ನೂ ಹಿಂದಕ್ಕೆ ಹೋದರೆ ಮತ್ತೆ ಕಲಸಿಹೋದವು. ಹಿಂದಕ್ಕೆ ಓಡಿದ ಆ ಅವಧಿಯಲ್ಲಿ ಒಂದೊಂದು ಬಂಡೆಯೂ ಸೂರ್ಯನನ್ನು ಸುಮಾರು 12 ಲಕ್ಷ ಸಲ ಸುತ್ತಿತ್ತು ಎಂಬುದನ್ನು ನೆನೆದರೆ, ಆ ಹೊಂದಿಕೆ ಎಷ್ಟು ನಂಬಲರ್ಹವಾದದ್ದೆಂದು ತಿಳಿಯುತ್ತದೆ. 2002ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಒಡೆಯುವುದನ್ನು ಕಂಡವರಿಲ್ಲ, ಕಲ್ಲನ್ನು ಮುಟ್ಟಿದವರಿಲ್ಲ. ಕೇವಲ ಕಕ್ಷೆಗಳನ್ನು ಕೇಳಿ, ಒಂದು ಡಿಕ್ಕಿಯ ಕಾಲವನ್ನು ಪಡೆದರು. ಕಕ್ಷೆ ಹೇಳುತ್ತದೆ ಎಂದು ನಾನು ಮತ್ತೆ ಮತ್ತೆ ಅನ್ನುವುದು ಈ ಕಾರಣಕ್ಕೆ.

ಈ ಪ್ರಸಂಗಕ್ಕೇ ಹೆಚ್ಚು ಹೊತ್ತು ಕೊಟ್ಟುಬಿಟ್ಟೆ. ಉಳಿದದ್ದನ್ನು ಬೇಗ ಹೇಳಬೇಕು. ತಾಯಿಬಂಡೆ ಪೂರ್ತಿ ಪುಡಿಯಾಗಲೇಬೇಕೆಂದಿಲ್ಲ. ಸುಮಾರು 525 ಕಿಲೋಮೀಟರ್ ಅಗಲದ ವೆಸ್ಟಾ ಭಾರೀ ಪೆಟ್ಟು ತಿಂದೂ ಉಳಿದುಕೊಂಡಿತು. 2011ರಲ್ಲಿ ಅಲ್ಲಿಗೆ ತಲುಪಿದ ಡಾನ್ ನೌಕೆ ಅದರ ದಕ್ಷಿಣ ಧ್ರುವದಲ್ಲಿ ಸುಮಾರು 500 ಕಿಲೋಮೀಟರ್ ಅಗಲದ ಕುಳಿಯನ್ನು ಕಣ್ತುಂಬ ತೋರಿಸಿತು. ಅಂಥ ಪೆಟ್ಟುಗಳಲ್ಲಿ ಸಿಡಿದ ಚೂರುಗಳೇ ವೆಸ್ಟಾ ಕುಟುಂಬ. ಅವು ಚೆಲ್ಲುವ ಬೆಳಕಿನ ಬಣ್ಣವೂ ತಾಯಿಯ ಬಣ್ಣಕ್ಕೆ ಹೊಂದುತ್ತದೆ. ವೆರಿಟಾಸ್ ಎಂಬ ಇನ್ನೊಂದು ಕುಟುಂಬ ಹುಟ್ಟಿದ್ದು ಸುಮಾರು 83 ಲಕ್ಷ ವರ್ಷಗಳ ಹಿಂದೆ. ಹೆಚ್ಚುಕಡಿಮೆ ಅದೇ ಕಾಲದ ಕಡಲತಳದ ಕೆಸರಿನ ಪದರದಲ್ಲಿ, ಬಾಹ್ಯಾಕಾಶದ ಧೂಳು ಹೊತ್ತು ತರುವ ಹೀಲಿಯಂ-3 ಏಕಾಏಕಿ ಹೆಚ್ಚಿರುವುದು ಕಂಡುಬಂದಿದೆ. ಅಲ್ಲಿ ಒಡೆದದ್ದರ ಧೂಳು ಇಲ್ಲಿ ನಮ್ಮ ಸಮುದ್ರಗಳ ಮೇಲೆ ಇಳಿದಿತ್ತು.

ಧೂಳಿನಂತೆಯೇ ಕಲ್ಲುಗಳೂ ಬರುತ್ತವೆ. ಭೂಮಿಗೆ ಬೀಳುವುದು ಕಂಡು ಸಿಕ್ಕ ಉಲ್ಕಾಶಿಲೆಗಳಲ್ಲಿ ನೂರಕ್ಕೆ ಸುಮಾರು 70ರಷ್ಟು ಕರಿನ್, ಕೊರೊನಿಸ್, ಮಸಾಲಿಯಾ ಎಂಬ ಮೂರೇ ಕುಟುಂಬಗಳಿಂದ ಬಂದವೆಂದು 2024ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿವೆ. ಕಬ್ಬಿಣದ ಅಂಶ ಹೆಚ್ಚಿರುವ ಒಂದು ಜಾತಿಯ ಕಲ್ಲುಗಳನ್ನು ಅವು ಕರಿನ್ ಮತ್ತು ಕೊರೊನಿಸ್ ಮನೆತನಕ್ಕೆ ಸೇರಿಸಿವೆ. ಆ ಜಾತಿಯ ಮುಷ್ಟಿಗಾತ್ರದ ಕಲ್ಲೊಂದು ನಾನು ಕೆಲಸ ಮಾಡುವ ಮೇಜಿನ ಮೇಲಿದೆ. ಗಾಳಿಯಲ್ಲಿ ಉರಿದು ಬಂದ ಹೊರಮೈ ಮಸಿಗಪ್ಪಾಗಿದೆ. ಒಡೆದ ಮುಖದ ಬೂದುಬಣ್ಣದಲ್ಲಿ ಲೋಹದ ಕಾಳುಗಳು ಮಿನುಗುತ್ತವೆ. ಅಯಸ್ಕಾಂತ ತಂದರೆ ಪಟ್ಟನೆ ಹಿಡಿದುಕೊಳ್ಳುತ್ತದೆ. ಆ ತೂತಾದ ಗ್ರಾಫ್ ಹಾಳೆಯನ್ನು ನಾನು ಮಡಚಿ ಇಟ್ಟಿರುವುದು ಈ ಕಲ್ಲಿನ ಅಡಿಯಲ್ಲಿ.

ನಮಸ್ಕಾರ.